ನಕಾಶೆಯೂ ನಾಡೂ: ಧಾರವಾಡ ಸೀಮೆಯ ನಾಲ್ಕು ಊರುಗಳು

ಭೂಪಟವೆಂದರೆ ಮೈಸೂರಿನ ಕಡೆಯಲ್ಲಿ ಶಾಲೆಯನ್ನು ಕಂಡವರಿಗೆಲ್ಲ ತಿಳಿಯುವುದು. ಧಾರವಾಡದ ಕಡೆಯ ಹಳ್ಳಿಯಲ್ಲಿ ಈ ಮಾತನ್ನಾಡಿದರೆ ಕೇಳಿದವನು ಒಂದು ಗಳಿಗೆ ಯೋಚಿಸುವನು. ನಕಾಶೆಯೆಂದರೆ ಕೂಡಲೆ ತಿಳಿದುಕೊಳ್ಳುವನು. ಅರಬ್ಬಿಯಲ್ಲಿ ಹುಟ್ಟಿ, ಪಾರಸಿ ಮರಾಠಿಗಳನ್ನು ಹಾದು, ಕಚೇರಿಯ ದಫ್ತರದೊಡನೆ ಕನ್ನಡಕ್ಕೆ ಬಂದ ಶಬ್ದವಿದು. ಶಬ್ದವು ಬಂದ ದಾರಿಯನ್ನು ನೋಡಿದರೆ ವಸ್ತುವೂ ಅದೇ ದಾರಿಯಿಂದ ಬಂದಿತೆಂದು ತೋರುತ್ತದೆ. ನಮ್ಮ ಹಳ್ಳಿಗಳಿಗೆ ನಕಾಶೆಯು ವಿದ್ಯೆಯ ಹಿಂದೆ ಬಂದುದಲ್ಲ, ಕಂದಾಯದ ಹಿಂದೆ ಬಂದುದು. ಹಾಗಾದರೆ ನಕಾಶೆಯಿಲ್ಲದ ಕಾಲದಲ್ಲಿ ಜನರು ತಮ್ಮ ನಾಡನ್ನು ಅರಿತಿದ್ದುದು ಹೇಗೆ? ಹೆಸರು ಹೇಳಿ ಎಣಿಸಿ ಅರಿಯುವುದಕ್ಕೂ ಗೆರೆಯೆಳೆದು ಅರಿಯುವುದಕ್ಕೂ ಇರುವ ಅಂತರವೇನು? ಆ ಅಂತರದಿಂದ ಯಾರಿಗೆ ಲಾಭ, ಯಾರಿಗೆ ನಷ್ಟವಾಯಿತು? ಧಾರವಾಡ ಜಿಲ್ಲೆಯ ನವಲಗುಂದ, ಅಣ್ಣಿಗೇರಿ, ಕುಂದಗೋಳ, ಕಲಘಟಗಿ ಎಂಬ ನಾಲ್ಕು ಊರುಗಳನ್ನು ಮುಂದಿಟ್ಟುಕೊಂಡು ಇದನ್ನು ವಿಚಾರಿಸೋಣ.

ಬೆಟ್ಟ, ಹೊಳೆ, ಮಳೆ, ಗಾಳಿಗಳನ್ನು ವಿವರಿಸುವುದು ಭೂಗೋಳಶಾಸ್ತ್ರದ ಒಂದು ಕವಲು. ಆ ಬೆಟ್ಟ ಹೊಳೆಗಳ ನಡುವೆ ಮನುಷ್ಯನು ಎಲ್ಲಿ ಮನೆ ಕಟ್ಟಿದನು, ಏನನ್ನು ಬಿತ್ತಿದನು, ಯಾವ ದಾರಿಯಲ್ಲಿ ನಡೆದನು, ಯಾವುದನ್ನು ತನ್ನ ಎಲ್ಲೆಯೆಂದನು ಎಂಬುದನ್ನು ಕೇಳುವುದು ಇನ್ನೊಂದು ಕವಲು. ಅದಕ್ಕೆ ಮಾನವ ಭೂಗೋಳವೆಂದು ಹೆಸರು. ಜರ್ಮನಿಯ ರಾಟ್ಸೆಲ್ ಎಂಬ ಪಂಡಿತನು ಈ ವಿಷಯವನ್ನು ಕುರಿತ ತನ್ನ ಗ್ರಂಥದ ಮೊದಲ ಸಂಪುಟವನ್ನು ೧೮೮೨ರಲ್ಲಿ ಪ್ರಕಟಿಸಿದನು. ಮುಂಬಯಿ ಇಲಾಖೆಯ ಕನ್ನಡ ಜಿಲ್ಲೆಗಳ ಅರಸುಮನೆತನಗಳನ್ನು ಕುರಿತು ಫ್ಲೀಟ್ ಸಾಹೇಬರು ಬರೆದ ಗ್ರಂಥವು ಹೊರಬಂದುದೂ ಅದೇ ವರ್ಷ. ಇಬ್ಬರ ಕೆಲಸವೂ ಬೇರೆ ಬೇರೆ. ಆದರೆ ಫ್ಲೀಟರು ಶಾಸನಗಳಿಂದ ಬಿಡಿಸಿಕೊಟ್ಟ ನಾಡುಗಳ ಹೆಸರನ್ನು ರಾಟ್ಸೆಲನಂಥವರ ಪ್ರಶ್ನೆಗಳೊಡನೆ ಓದಿದಾಗ ನಮ್ಮ ಇತಿಹಾಸದ ಒಣ ಪಟ್ಟಿಗಳಿಗೆ ಜೀವ ಬರುವುದುಂಟು.

ಮೊದಲು ನೆಲವನ್ನು ನೋಡೋಣ. ಹುಬ್ಬಳ್ಳಿಯನ್ನು ನಡುವಿಗಿಟ್ಟುಕೊಂಡರೆ ನೈಋತ್ಯಕ್ಕೆ ಕಲಘಟಗಿ, ಈಶಾನ್ಯಕ್ಕೆ ನವಲಗುಂದ. ಒಂದರಿಂದ ಇನ್ನೊಂದಕ್ಕೆ ಸುಮಾರು ನಲವತ್ತು ಮೈಲಿ. ಈ ಅಂತರದಲ್ಲಿ ಎರಡು ಲೋಕಗಳಿವೆಯೆಂದರೆ ಉತ್ಪ್ರೇಕ್ಷೆಯಲ್ಲ. ಪಡುವಣ ಘಟ್ಟಗಳನ್ನು ಏರಿ ಬಂದ ಮುಂಗಾರು ಕಲಘಟಗಿಯಲ್ಲಿ ಇನ್ನೂ ಧಾರಾಳವಾಗಿರುವುದು. ಅಲ್ಲಿ ಕಾಡೂ ಇದೆ, ಭತ್ತದ ಗದ್ದೆಯೂ ಇದೆ. ಹುಬ್ಬಳ್ಳಿಯನ್ನು ದಾಟುವ ಹೊತ್ತಿಗೆ ಮೋಡ ಹಗುರಾಗುವುದು. ನವಲಗುಂದ ಅಣ್ಣಿಗೇರಿಗಳಲ್ಲಿ ಮರವೇ ವಿರಳ. ಕಣ್ಣು ಹಾಯುವವರೆಗೂ ಎರೆಯ ನೆಲ, ಅದರಲ್ಲಿ ಬಿಳಿಜೋಳ, ಗೋದಿ, ಕಡಲೆ, ಕುಸುಬೆ, ಹತ್ತಿ. ಎರೆಯು ನೀರನ್ನು ಹೀರಿ ಹಿಡಿದಿಟ್ಟುಕೊಳ್ಳುವುದರಿಂದ ಹಿಂಗಾರಿಯ ಬೆಳೆಯು ಮೇಲಿನ ಮಳೆಯನ್ನು ಕಾಯದೆ ನೆಲದ ಒಳತೇವದಲ್ಲಿಯೇ ಬೆಳೆಯಬಲ್ಲುದು. ಕಪ್ಪು ನೆಲಕ್ಕೆ ಎರೆ, ಕೆಂಪು ನೆಲಕ್ಕೆ ಮಸಾರಿ, ಪಡುವಣ ಅಂಚಿಗೆ ಮಲ್ಲಾಡ, ಮೂಡಣ ಬಯಲಿಗೆ ಬೆಳವಲ ಎಂಬ ಹೆಸರುಗಳು ರೈತರ ಬಾಯಲ್ಲಿ ಸಿದ್ಧವಾಗಿವೆ. ಶಾಸ್ತ್ರಕಾರರು ಪ್ರದೇಶವೆಂದು ಕರೆಯುವುದು ಇದನ್ನೇ. ನೆಲ, ನೀರು, ಬೆಳೆ, ಬಾಳುವೆಗಳು ಒಂದೇ ಬಗೆಯಾಗಿರುವಷ್ಟು ದೂರ ಅದೊಂದು ಪ್ರದೇಶ. ಅದಕ್ಕೆ ನಡುವುಂಟು, ಖಚಿತವಾದ ಅಂಚಿಲ್ಲ. ಮಲ್ಲಾಡವು ಯಾವ ಹೊಲದ ಬದುವಿನಲ್ಲಿ ಮುಗಿದು ಬೆಳವಲವು ಯಾವ ಬದುವಿನಲ್ಲಿ ಮೊದಲಾಯಿತೆಂದು ಯಾರೂ ಬೆರಳಿಟ್ಟು ತೋರಿಸಲಾರರು.

ಮನೆಗಳೂ ಈ ಭೇದವನ್ನು ಸಾರುವುವು. ಕಲಘಟಗಿಯ ಕಡೆ ಇಳಿಜಾರಾದ ಹಂಚಿನ ಮಾಡು. ಬೆಳವಲದಲ್ಲಿ ಮಣ್ಣಿನ ಮೇಲ್ಮುದ್ದೆಯ ಸಮತಟ್ಟಾದ ಮಾಳಿಗೆ. ಮಲ್ಲಾಡದಲ್ಲಿ ಚಿಕ್ಕ ಚಿಕ್ಕ ಊರುಗಳು. ಬೆಳವಲದಲ್ಲಿ ದೂರ ದೂರಕ್ಕೆ ಒಂದೊಂದರಂತೆ ಒತ್ತಾಗಿ ಕಟ್ಟಿದ ದೊಡ್ಡ ಊರುಗಳು. ಕುಡಿಯುವ ನೀರು ಕೆರೆಯೊಂದರಲ್ಲಿ ಮಾತ್ರ ನಿಲ್ಲುವ ನೆಲದಲ್ಲಿ ಜನರು ಕೆರೆಯ ಸುತ್ತ ಕೂಡುವುದು ಸಹಜವೇ ಸರಿ. ನವಲಗುಂದದವರು ತಮ್ಮ ನೀಲಮ್ಮನ ಕೆರೆಯ ಮಾತನ್ನು ಇಂದಿಗೂ ಗೌರವದಿಂದಲೇ ಆಡುವರು. ಕಸುಬುಗಳೂ ಹಾಗೆಯೇ. ಕಾಡಿನ ಮಗ್ಗುಲಿನ ಕಲಘಟಗಿಗೆ ಬಣ್ಣ ಹಚ್ಚಿದ ಮರದ ತೊಟ್ಟಿಲಿನಿಂದ ಹೆಸರು ಬಂದಿತು; ಹತ್ತಿಯ ನೆಲವಾದ ನವಲಗುಂದಕ್ಕೆ ಹೆಂಗಸರು ಮನೆಯ ಮಗ್ಗದಲ್ಲಿ ನೇಯುವ ಜಮಖಾನೆಯಿಂದ.

ಇನ್ನು ಎಣಿಕೆಯ ಕಾಲಕ್ಕೆ ಹೋಗೋಣ. ೯ನೆಯ ಶತಮಾನದ ಕವಿರಾಜಮಾರ್ಗವು ಕನ್ನಡನಾಡಿನ ವಿಸ್ತಾರವನ್ನು ಕಾವೇರಿ ಗೋದಾವರಿಗಳೆಂಬ ಎರಡು ನದಿಗಳ ಹೆಸರಿನಿಂದ ಹೇಳಿತು. ಅದರೊಳಗೆ ತಿರುಳ್ಗನ್ನಡದ ನೆಲವನ್ನು ಕಿಸುವೊಳಲು, ಕೊಪಣ, ಪುಲಿಗೆರೆ, ಒಂಕುಂದ ಎಂಬ ನಾಲ್ಕು ಊರುಗಳ ನಡುವೆ ಗುರುತಿಸಿತು. ಎಂದರೆ ಇಂದಿನ ಪಟ್ಟದಕಲ್ಲು, ಕೊಪ್ಪಳ, ಲಕ್ಷ್ಮೇಶ್ವರ ಮತ್ತು ಬೆಳಗಾವಿ ಜಿಲ್ಲೆಯ ಒಕ್ಕುಂದ. ಕಾಗದದ ಮೇಲೆ ಈ ನಾಲ್ಕು ಬಿಂದುಗಳನ್ನಿಟ್ಟು ಗೆರೆಯಿಂದ ಕೂಡಿಸಿದರೆ ಅಣ್ಣಿಗೇರಿ ನವಲಗುಂದಗಳು ಒಳಗೆ ಬೀಳುವುವು, ಕಲಘಟಗಿ ಹೊರಗುಳಿಯುವುದು. ಆದರೆ ಗೆರೆಯನ್ನೆಳೆದವರು ನಾವು, ಗ್ರಂಥಕಾರನು ಎಳೆಯಲಿಲ್ಲ. ಅವನಿಗೆ ಊರುಗಳ ಹೆಸರೇ ಸಾಕಾಗಿತ್ತು. ಪದ್ಯದಲ್ಲಿ ಬರೆದ ಈ ನಕಾಶೆಯನ್ನು ಓಲೆಯೊಡನೆ ಒಯ್ಯಬೇಕಾದುದೂ ಇಲ್ಲ. ಬಾಯಿಪಾಠ ಮಾಡಿಕೊಂಡು ಹೋಗಬಹುದು.

ಶಾಸನಗಳಲ್ಲಿ ನಾಡುಗಳ ಹೆಸರಿನ ಜೊತೆಗೆ ಒಂದು ಸಂಖ್ಯೆಯು ಬರುವುದು: ಬೆಳ್ವೊಲ ಮುನ್ನೂರು, ಪುಲಿಗೆರೆ ಮುನ್ನೂರು, ಬನವಾಸಿ ಪನ್ನಿರ್ಛಾಸಿರ. ಬೆಳ್ವೊಲ ಪುಲಿಗೆರೆಗಳನ್ನು ಒಟ್ಟಿಗೆ ಸೇರಿಸಿ ಆರುನೂರೆಂದು ಎಣಿಸಿದ್ದೂ ಉಂಟು. ಈ ಸಂಖ್ಯೆಯು ಗ್ರಾಮಗಳದೋ, ಹುಟ್ಟುವಳಿಯದೋ ಎಂದು ವಿದ್ವಾಂಸರು ಬಹಳ ಕಾಲದಿಂದ ಚರ್ಚಿಸಿರುವರು. ಮುನ್ನೂರನ್ನು ಗ್ರಾಮಗಳ ಎಣಿಕೆಯೆಂದು ಒಪ್ಪುವುದು ಸುಲಭ. ಹನ್ನೆರಡು ಸಾವಿರವನ್ನು ಹಾಗೆಯೇ ಒಪ್ಪುವುದು ಕಷ್ಟವೆಂದು ನಮಗೆ ತೋರುತ್ತದೆ. ಯಾವುದೇ ಆಗಲಿ, ಆಳುವವನ ಮನಸ್ಸಿನಲ್ಲಿದ್ದುದು ಒಂದು ಪಟ್ಟಿ, ಪಟವಲ್ಲ. ಬೆಳ್ವೊಲವೆಂಬ ಹೆಸರಾದರೂ ಎಂಥದು! ಬೆಳೆ ನಿಂತ ಹೊಲವೆಂದು ಅದರ ಅರ್ಥ. ನಾಡಿನ ಗುಣವನ್ನೇ ನಾಡಿಗೆ ಹೆಸರಾಗಿಟ್ಟವರು ಮಾನವ ಭೂಗೋಳದ ಮೊದಲ ಪಾಠವನ್ನು ಬಲ್ಲವರೇ. ಅಣ್ಣಿಗೇರಿಯು ಈ ಮುನ್ನೂರರ ಮುಖ್ಯಪಟ್ಟಣವಾಗಿತ್ತು. ೧೨ನೆಯ ಶತಮಾನದ ಕಡೆಯಲ್ಲಿ ಚಾಲುಕ್ಯರ ನಾಲ್ಕನೆಯ ಸೋಮೇಶ್ವರನು ಕೆಲಕಾಲ ಅಲ್ಲಿಂದಲೇ ಆಳಿದನು. ಅಮೃತೇಶ್ವರ ದೇವಾಲಯದ ಕಂಬಸಾಲಿನಲ್ಲಿ ನಿಂತವರಿಗೆ ಬಯಲಿನ ಬೆಳೆಯ ಸಂಪತ್ತು ಯಾವ ರೂಪವನ್ನು ತಾಳಿತೆಂಬುದು ಕಾಣುವುದು.

ಪಟ್ಟಿಯ ಕಾಲದಲ್ಲಿ ಅಳತೆಯೇ ಇರಲಿಲ್ಲವೆಂದು ತಿಳಿಯಬಾರದು. ದಾನಶಾಸನಗಳಲ್ಲಿ ಭೂಮಿಯನ್ನು ಮತ್ತರು, ಕಮ್ಮಗಳಲ್ಲಿ ಹೇಳಿ, ಯಾವ ಗಳೆಯಿಂದ ಅಳೆದುದೆಂಬುದನ್ನೂ ಎಷ್ಟೋ ಸಲ ಸೇರಿಸುವರು. ಒಂದು ಸೀಮೆಯ ಗಳೆಯು ಇನ್ನೊಂದು ಸೀಮೆಯ ಗಳೆಗೆ ಸಮನಾಗಿರಲಿಲ್ಲ. ಅನಂತರ ಎಲ್ಲೆಯ ವರ್ಣನೆ: ಮೂಡಲು ನೆಟ್ಟ ಕಲ್ಲು, ತೆಂಕಲು ಹಳ್ಳ, ಪಡುವಲು ದಾರಿ, ಬಡಗಲು ಕೆರೆಯ ಕೋಡಿ ಎಂಬ ರೀತಿಯಲ್ಲಿ. ನೇಸರು ಮೂಡುವ ದಿಕ್ಕು ಮೂಡಣ, ಪಡುವ ದಿಕ್ಕು ಪಡುವಣ; ದಿಕ್ಸೂಚಿಯ ಮುಳ್ಳಿಲ್ಲದೆ ಹುಟ್ಟಿದ ಮಾತುಗಳಿವು. ಇಂಥ ಎಲ್ಲೆಯನ್ನು ಓದುವುದಕ್ಕೆ ಆ ಊರಿನವನೇ ಆಗಿರಬೇಕು. ದೂರದ ಅಧಿಕಾರಿಯು ಶಾಸನವನ್ನು ಎಷ್ಟು ಸಲ ಓದಿದರೂ ಆ ಹಳ್ಳವು ಯಾವುದೆಂದು ಊರಗೌಡನನ್ನು ಕೇಳದೆ ತಿಳಿಯಲಾರನು. ಗೌಡನಿಗೆ ಇದರಿಂದ ಒಂದು ಬಲವಿತ್ತು.

ಪಟ್ಟಿಯಿಂದ ಆಳುವ ಪದ್ಧತಿಯು ಕೊನೆಗೆ ಎಂಥ ಚಿತ್ರವನ್ನು ಬಿಟ್ಟುಹೋಯಿತೆಂಬುದಕ್ಕೆ ಕುಂದಗೋಳವೇ ಸಾಕ್ಷಿ. ಪೇಶವೆಯರು ಪಟವರ್ಧನ ಮನೆತನದವರಿಗೆ ಸೈನ್ಯವನ್ನು ಸಾಕುವುದಕ್ಕಾಗಿ ಸರಂಜಾಮು ಕೊಟ್ಟಾಗ ಲೆಕ್ಕಕ್ಕೆ ಹಿಡಿದುದು ಗ್ರಾಮಗಳ ಹುಟ್ಟುವಳಿಯನ್ನು. ಆ ಗ್ರಾಮಗಳು ಒಂದಕ್ಕೊಂದು ತಗುಲಿಕೊಂಡಿರಬೇಕೆಂಬ ನಿಯಮವಿರಲಿಲ್ಲ. ಮನೆತನವು ಶಾಖೆಗಳಾಗಿ ಒಡೆದಾಗ ಗ್ರಾಮಗಳೂ ಹಂಚಿಹೋದವು. ೧೮೧೮ರಲ್ಲಿ ಪೇಶವಾಯಿಯು ಮುಗಿದು ಕಂಪನಿಯವರು ನಕಾಶೆಯನ್ನು ಬಿಡಿಸಿದಾಗ ಪಟ್ಟಿಯಲ್ಲಿ ಸರಿಯಾಗಿ ಕಾಣುತ್ತಿದ್ದುದು ಪಟದಲ್ಲಿ ತೇಪೆಯ ಕೌದಿಯಂತೆ ಕಂಡಿತು. ಕುಂದಗೋಳವು ಜಮಖಂಡಿಗೆ, ಲಕ್ಷ್ಮೇಶ್ವರವು ಮಿರಜದ ಹಿರಿಯ ಶಾಖೆಗೆ, ಶಿರಹಟ್ಟಿಯು ಸಾಂಗಲಿಗೆ, ನಡುವೆ ಸವಣೂರಿನ ನವಾಬನದು ಬೇರೆ. ಬ್ರಿಟಿಷ್ ಮುಲುಕಿಗೆ ಕೆಂಪು, ಸಂಸ್ಥಾನಗಳಿಗೆ ಹಳದಿ ಬಣ್ಣವನ್ನು ಹಚ್ಚುತ್ತಿದ್ದ ಆ ಪಟಗಳಲ್ಲಿ ಕುಂದಗೋಳವು ಕೆಂಪಿನ ನಡುವೆ ಒಂದು ಹಳದಿಯ ದ್ವೀಪ. ಹುಬ್ಬಳ್ಳಿಯು ಅಲ್ಲಿಗೆ ಹನ್ನೆರಡು ಮೈಲಿಯಷ್ಟು ಹತ್ತಿರ. ರಾಜಧಾನಿಯಾದ ಜಮಖಂಡಿಯು ನೇರವಾಗಿ ಬಡಗಣಕ್ಕೆ ಸುಮಾರು ೮೫ ಮೈಲಿ, ನಡುವೆ ಮಲಪ್ರಭೆ ಘಟಪ್ರಭೆಗಳೆರಡೂ. ಸಂತೆಗೆ ಹೋಗುವವನಿಗೆ ಹುಬ್ಬಳ್ಳಿ. ದೊರೆಯನ್ನು ಕಾಣಬೇಕಾದವನಿಗೆ ಜಮಖಂಡಿ. ಸವಾಯಿ ಗಂಧರ್ವರು ೧೮೮೬ರಲ್ಲಿ ಹುಟ್ಟಿದುದು ಕುಂದಗೋಳದಲ್ಲಿ. ಪಟದ ಲೆಕ್ಕದಲ್ಲಿ ಅವರು ಜಮಖಂಡಿಯ ಪ್ರಜೆ. ಅವರಲ್ಲಿ ಪಾಠ ಹೇಳಿಸಿಕೊಳ್ಳುವುದಕ್ಕಾಗಿ ಗಂಗೂಬಾಯಿ ಹಾನಗಲ್ಲರು ಹುಬ್ಬಳ್ಳಿಯಿಂದ ರೈಲಿನಲ್ಲಿ ಹೋಗಿಬರುತ್ತಿದ್ದರು. ಪ್ರತಿಯೊಂದು ಸಲವೂ ಒಂದು ರಾಜ್ಯದ ಎಲ್ಲೆಯನ್ನು ದಾಟಿದಂತಾಯಿತು. ಸಂಗೀತಕ್ಕೆ ಆ ಎಲ್ಲೆಯ ಗೊಡವೆ ಇರಲಿಲ್ಲ. ೧೯೪೮ರಲ್ಲಿ ಜಮಖಂಡಿಯು ಮುಂಬಯಿ ಪ್ರಾಂತದಲ್ಲಿ ವಿಲೀನವಾದ ಮೇಲೆ ದ್ವೀಪವು ಕರಗಿತು. ೧೯೫೬ರಲ್ಲಿ ಧಾರವಾಡವೇ ಮೈಸೂರು ರಾಜ್ಯಕ್ಕೆ ಸೇರಿತು. ೧೯೯೭ರಲ್ಲಿ ಗದಗ, ಹಾವೇರಿ ಎಂಬ ಹೊಸ ಜಿಲ್ಲೆಗಳು ಅದರಿಂದ ಒಡೆದುವು. ನವಲಗುಂದದ ತಾಲೂಕಿನೊಳಗೆ ಬಹುಕಾಲವಿದ್ದ ಅಣ್ಣಿಗೇರಿಯೂ ಈಚೆಗೆ ತಾನೇ ತಾಲೂಕಾಗಿದೆ. ಒಂದೇ ಹೊಲದಲ್ಲಿ ನಿಂತ ಒಂದು ಮನೆತನದವರು ನಾಲ್ಕೈದು ತಲೆಮಾರುಗಳಲ್ಲಿ ಎಷ್ಟು ನಕಾಶೆಗಳಿಗೆ ಸೇರಿದರು ನೋಡಿ.

ಗೆರೆಯು ಹಳ್ಳಿಯ ಒಳಕ್ಕೆ ಹೊಕ್ಕುದು ೧೮೪೦ರ ದಶಕದ ಮೋಜಣಿಯಿಂದ. ವಿಂಗೇಟ್ ಸಾಹೇಬರ ಮೇಲ್ವಿಚಾರಣೆಯಲ್ಲಿ ಸರಪಳಿಯವರು ಹೊಲಹೊಲವನ್ನೂ ತುಳಿದರು. ಸರಪಳಿಯ ಉದ್ದ ೩೩ ಅಡಿ, ಅದರಲ್ಲಿ ೧೬ ಆಣೆ. ಒಂದು ಸರಪಳಿಯ ಚೌಕವು ಒಂದು ಗುಂಟೆ. ನಲವತ್ತು ಗುಂಟೆಗೆ ಒಂದು ಎಕರೆ. ಮೂಲೆಗಳಲ್ಲಿ ಕಲ್ಲು ನೆಟ್ಟು ಹೊಲಕ್ಕೊಂದು ನಂಬರು ಕೊಟ್ಟರು. ಗುಳಿ ತೋಡಿ ಮಣ್ಣಿನ ಆಳವನ್ನೂ ಬಣ್ಣವನ್ನೂ ನೋಡಿ, ಒಂಬತ್ತು ತರಗತಿಗಳನ್ನು ಮಾಡಿ, ಹದಿನಾರು ಆಣೆಯಿಂದ ಎರಡು ಆಣೆಯವರೆಗೆ ಬೆಲೆ ಕಟ್ಟಿದರು. ನಾಣ್ಯವನ್ನು ಎಣಿಸುವ ಮಾತಿನಿಂದಲೇ ಉದ್ದವನ್ನೂ ಮಣ್ಣಿನ ಗುಣವನ್ನೂ ಎಣಿಸಿದುದು ಸುಮ್ಮನೆ ಆದುದಲ್ಲ. ಎಲ್ಲವೂ ಕಡೆಗೆ ನಾಣ್ಯಕ್ಕೇ ಹೋಗಿ ಮುಟ್ಟಬೇಕಾಗಿತ್ತು. ಇದರಿಂದ ರೈತನಿಗೆ ಒಂದು ಅನುಕೂಲವೂ ಆಯಿತೆಂಬುದನ್ನು ಮರೆಯಬಾರದು. ತನ್ನ ಹೊಲದ ಎಲ್ಲೆಯು ಗೌಡನ ನೆನಪಿನಲ್ಲಿರದೆ ಕಾಗದದಲ್ಲಿತ್ತು. ತೆರುವ ಕಂದಾಯವು ಮೂವತ್ತು ವರ್ಷಕ್ಕೆ ನಿಶ್ಚಿತವಾಗಿತ್ತು. ಎಲ್ಲೆಗಾಗಿ ಬಡಿದಾಡುವುದು ನಿಲ್ಲಲಿಲ್ಲವಾದರೂ ಬಡಿದಾಟದ ಮೇಲೆ ಕಚೇರಿಗೆ ಹೋಗಿ ತೋರಿಸುವುದಕ್ಕೆ ಒಂದು ಗೆರೆಯಿತ್ತು.

ಇಲ್ಲಿ ಪ್ರಮಾಣವೆಂಬ ಮಾತನ್ನು ವಿವರಿಸಬೇಕು. ನೆಲದ ಮೇಲಿನ ದೂರವು ಕಾಗದದ ಮೇಲೆ ಎಷ್ಟಾಗಿ ಕುಗ್ಗಿದೆಯೆಂಬುದೇ ನಕಾಶೆಯ ಪ್ರಮಾಣ. ಹಳೆಯ ಮೋಜಣಿ ಇಲಾಖೆಯ ಪ್ರಸಿದ್ಧ ಪಟಗಳಲ್ಲಿ ಮೈಲಿಗೆ ಒಂದಂಗುಲ. ಆ ಪಟದಲ್ಲಿ ಗುಂಟೆಯ ಬದಿಯು ಅಂಗುಲದ ನೂರರವತ್ತನೆಯ ಪಾಲು. ಸೂಜಿಯ ಮೊನೆಗೂ ಸಿಕ್ಕದು. ಸಾಮ್ರಾಜ್ಯವನ್ನು ನೋಡುವವನ ಪಟದಲ್ಲಿ ರೈತನ ಹೊಲವಿಲ್ಲ. ರೈತನ ಹೊಲವನ್ನು ತೋರುವ ಪಟದಲ್ಲಿ ಪಕ್ಕದ ಊರೂ ಇಲ್ಲ. ಯಾವ ಪಟವೂ ಸುಳ್ಳಲ್ಲ, ಯಾವುದೂ ಪೂರ್ಣವಲ್ಲ.

ಇದಕ್ಕಿಂತ ಮನಸ್ಸಿಗೆ ನಾಟುವ ಶಬ್ದವೊಂದು ಕಂದಾಯದ ದಫ್ತರದಲ್ಲಿದೆ: ಬೇಚಿರಾಖ್ ಗ್ರಾಮ. ಚಿರಾಗವೆಂದರೆ ದೀಪ, ದೀಪವಿಲ್ಲದ ಊರೆಂದು ಅರ್ಥ. ಹೆಸರುಂಟು, ಎಲ್ಲೆಯುಂಟು, ಹೊಲಗಳಿಗೆ ನಂಬರುಂಟು, ಸಂಜೆಯ ಹೊತ್ತು ದೀಪ ಹಚ್ಚುವವರಿಲ್ಲ. ಬರ, ರೋಗ, ದಂಡಿನ ಹಾವಳಿಗಳಿಂದ ಊರು ಬಿಟ್ಟುಹೋದವರು ಮರಳಿ ಬಾರದೆ ಇಂಥ ಗ್ರಾಮಗಳಾದುವು. ಮೈಸೂರಿನವರು ಧಾತು ಈಶ್ವರ ಸಂವತ್ಸರಗಳ ಬರವೆಂದು ನೆನೆಯುವ ೧೮೭೬ರಿಂದ ೧೮೭೮ರ ಕ್ಷಾಮವು ಈ ಬಯಲನ್ನೂ ಬಿಡಲಿಲ್ಲ. ಧಾರವಾಡ ಜಿಲ್ಲೆಯ ಜನಸಂಖ್ಯೆಯು ೧೮೭೨ರಲ್ಲಿ ಸುಮಾರು ೯ ಲಕ್ಷ ೮೮ ಸಾವಿರವಿದ್ದುದು ೧೮೮೧ರಲ್ಲಿ ಸುಮಾರು ೮ ಲಕ್ಷ ೮೩ ಸಾವಿರಕ್ಕೆ ಇಳಿಯಿತು. ಒಂದು ಚದರ ಮೈಲಿಗೆ ಎಷ್ಟು ಜನರೆಂಬ ಲೆಕ್ಕಕ್ಕೆ ಜನಸಾಂದ್ರತೆಯೆಂದು ಹೆಸರು. ಒಂಬತ್ತು ವರ್ಷಗಳಲ್ಲಿ ನೆಲವು ಒಂದಂಗುಲವೂ ಕುಗ್ಗಲಿಲ್ಲ; ಅದರ ಮೇಲಿನ ಲಕ್ಷ ಜನರು ಇಲ್ಲವಾದರು.

ಕ್ಷಾಮದ ಬೆನ್ನಲ್ಲಿಯೇ, ೧೮೮೦ರ ದಶಕದಲ್ಲಿ, ರೈಲು ಬಂದಿತು. ಊರಿನ ವಿಷಯದಲ್ಲಿ ಶಾಸ್ತ್ರಜ್ಞರು ನೆಲೆಯನ್ನೂ ಸ್ಥಾನವನ್ನೂ ಬೇರೆಮಾಡಿ ಹೇಳುವರು. ಊರು ಕಟ್ಟಿದ ತಾವು, ಅಲ್ಲಿಯ ನೀರು, ಗಟ್ಟಿನೆಲ, ಗುಡ್ಡ ಇವು ನೆಲೆ. ಸುತ್ತಲಿನ ಊರುಗಳಿಗೂ ದಾರಿಗಳಿಗೂ ಅದಕ್ಕಿರುವ ಸಂಬಂಧವು ಸ್ಥಾನ. ನೆಲೆಯು ಬದಲಾಗದೆ ಸ್ಥಾನವು ಬದಲಾಗಬಹುದು. ಗದಗಿನ ದಾರಿಯಲ್ಲಿ ಅಣ್ಣಿಗೇರಿಗೂ ಹರಿಹರದ ದಾರಿಯಲ್ಲಿ ಕುಂದಗೋಳಕ್ಕೂ ನಿಲ್ದಾಣವಾಯಿತು. ನವಿಲಿನ ಗುಡ್ಡವೆಂದು ಹೆಸರಿನ ಅರ್ಥವನ್ನು ಹೇಳುವ ನವಲಗುಂದವೂ, ಕಾಡಿನ ಬಾಗಿಲಲ್ಲಿರುವ ಕಲಘಟಗಿಯೂ ರೈಲಿನಿಂದ ದೂರವೇ ಉಳಿದುವು. ಅಮೆರಿಕದ ಅಂತಃಕಲಹದ ದಿನಗಳಲ್ಲಿ, ೧೮೬೧ರಿಂದ ೧೮೬೫ರವರೆಗೆ, ಇಂಗ್ಲೆಂಡಿನ ಗಿರಣಿಗಳಿಗೆ ಹತ್ತಿಯಿಲ್ಲವಾಗಿ ಧಾರವಾಡದ ಹತ್ತಿಗೆ ಬೆಲೆಯೇರಿದಾಗ ಎರೆಯ ಮೇಲಿನ ಗಾಡಿದಾರಿಗಳೇ ಗತಿಯಾಗಿದ್ದುವು. ಮಳೆಗಾಲದಲ್ಲಿ ಎರೆಯ ಕೆಸರಿಗೆ ಸಿಕ್ಕಿದ ಗಾಡಿಯನ್ನು ಕಂಡವರಿಗೆ ಸ್ಥಾನವೆಂದರೇನೆಂದು ಬಿಡಿಸಿ ಹೇಳಬೇಕಾದುದಿಲ್ಲ.

ಇನ್ನುಳಿದುದು ನೀರಿನ ಗೆರೆ. ಎರಡು ಕಡೆಗೆ ನೀರನ್ನು ಹರಿಯಿಸುವ ಏರಿನ ಬೆನ್ನಿಗೆ ಜಲವಿಭಾಜಕವೆನ್ನುವರು. ಧಾರವಾಡವು ಅಂಥ ಬೆನ್ನಿನ ಮೇಲೆ ಕುಳಿತಿದೆ. ಊರಿನ ಬಳಿಯ ಸೋಮೇಶ್ವರದಲ್ಲಿ ಹುಟ್ಟುವ ಶಾಲ್ಮಲೆಯು ಕಲಘಟಗಿಯ ಸೀಮೆಯಲ್ಲಿ ಬೇಡ್ತಿಯಾಗಿ, ಘಟ್ಟವನ್ನಿಳಿದು, ಗಂಗಾವಳಿಯೆಂಬ ಹೆಸರಿನಿಂದ ಪಡುವಣ ಕಡಲಿಗೆ ಬೀಳುವುದು. ಅದೇ ಬೆನ್ನಿನ ಮೂಡಣ ಮಗ್ಗುಲಲ್ಲಿ ಬಿದ್ದ ಹನಿಯು ಬೆಣ್ಣಿಹಳ್ಳ, ತುಪ್ಪರಿಹಳ್ಳಗಳಿಗೆ ಸೇರಿ, ಮಲಪ್ರಭೆ ಕೃಷ್ಣೆಯರೊಡನೆ ಬಂಗಾಳದ ಉಪಸಾಗರವನ್ನು ಮುಟ್ಟುವುದು. ಹಳ್ಳವೆಂಬ ಹೆಸರನ್ನು ನಂಬಿ ಬೆಣ್ಣಿಹಳ್ಳವನ್ನು ಹಗುರಾಗಿ ತಿಳಿಯುವಂತಿಲ್ಲ. ಚಪ್ಪಟೆಯಾದ ಬಯಲಿನಲ್ಲಿ ಇಳಿಜಾರಿಲ್ಲದೆ ಹರಡುವ ಅದರ ನೆರೆಯು ೨೦೧೯ರಲ್ಲಿಯೂ ನವಲಗುಂದದ ಹೊಲ ಮನೆಗಳನ್ನು ನುಂಗಿತು.

ಈ ನೀರಿನ ಮೇಲೆ ಮನುಷ್ಯನೆಳೆದ ಗೆರೆಗಳ ಕಥೆಯು ಬೇರೆ. ಸವದತ್ತಿಯ ನವಿಲುತೀರ್ಥದಲ್ಲಿ ಮಲಪ್ರಭೆಗೆ ಕಟ್ಟಿದ ಅಣೆಕಟ್ಟು ೧೯೭೨ರಲ್ಲಿ ಮುಗಿದು ಕಾಲುವೆಗಳು ಬಯಲಿಗೆ ಬಂದುವು. ಯಾವ ಹೊಲಗಳಿಗೆ ನೀರು ದೊರೆಯುವುದೆಂದು ನಕಾಶೆಯ ಮೇಲೆ ಗುರುತಿಸಿದ ನೆಲಕ್ಕೆ ಅಚ್ಚುಕಟ್ಟೆಂದು ಹೆಸರು. ಗೆರೆಯ ಒಳಗೆ ಬಿದ್ದ ಹೊಲದವನು ಅಭಿವೃದ್ಧಿಯ ಕರವನ್ನು ತೆರಬೇಕಾಗಿತ್ತು. ಕಾಲುವೆಯ ಕಡೆಯ ಹೊಲಗಳಿಗೆ ನೀರು ಮುಟ್ಟಲಿಲ್ಲ. ಕೆಲವು ಹೊಲಗಳಲ್ಲಿ ನೀರು ನಿಂತು ಎರೆಯು ಜವಳಾಯಿತು. ಕರದ ಚೀಟಿಯು ಮಾತ್ರ ಎಲ್ಲರ ಮನೆಗೂ ಮುಟ್ಟಿತು. ೧೯೮೦ರ ಜುಲೈ ತಿಂಗಳಲ್ಲಿ ನವಲಗುಂದ ನರಗುಂದಗಳ ರೈತರು ಎದ್ದುದಕ್ಕೆ ಇದು ಮುಖ್ಯ ಕಾರಣಗಳಲ್ಲೊಂದು. ಆ ತಿಂಗಳ ೨೧ನೆಯ ದಿನ ಗೋಲಿಬಾರಿನಲ್ಲಿ ರೈತರು ಸತ್ತರು. ಬೆಳೆ ನಿಂತ ಹೊಲವೆಂದು ಹೆಸರಾದ ನಾಡಿನಲ್ಲಿ, ನಕಾಶೆಯ ಮೇಲೆ ನೀರಾವರಿಯೆನಿಸಿಕೊಂಡ ಹೊಲಕ್ಕಾಗಿ ಪ್ರಾಣಗಳು ಹೋದುವು.

ಅನಂತರದ ವ್ಯಾಜ್ಯವು ಜಲವಿಭಾಜಕದ ಮೇಲೆಯೇ ನಿಂತಿದೆ. ಮಲಪ್ರಭೆಯೂ ಮಹದಾಯಿಯೂ ಹುಟ್ಟುವುದು ಬೆಳಗಾವಿ ಜಿಲ್ಲೆಯ ಒಂದೇ ಖಾನಾಪುರ ತಾಲೂಕಿನಲ್ಲಿ. ಒಂದು ಮೂಡಣಕ್ಕೆ, ಇನ್ನೊಂದು ಗೋವೆಯ ಕಡೆಗೆ. ಮಹದಾಯಿಗೆ ಸೇರುವ ಕಳಸಾ, ಬಂಡೂರಿ ಎಂಬ ಹಳ್ಳಗಳನ್ನು ಬೆನ್ನಿನ ಈಚೆಗೆ ತಿರುಗಿಸಿದರೆ ಮಲಪ್ರಭೆಗೆ ನೀರು ಹೆಚ್ಚುವುದೆಂದು ಈ ಬಯಲಿನವರ ಬೇಡಿಕೆ; ಹಾಗೆ ತಿರುಗಿಸಿದರೆ ತಮ್ಮ ಕಾಡಿಗೂ ಹೊಳೆಗೂ ಕೇಡೆಂದು ಗೋವೆಯವರ ವಾದ. ೨೦೧೦ರಲ್ಲಿ ನೇಮಕವಾದ ನ್ಯಾಯಮಂಡಳಿಯು ೨೦೧೮ರ ಆಗಸ್ಟಿನಲ್ಲಿ ತೀರ್ಪಿತ್ತು ಕರ್ನಾಟಕಕ್ಕೆ ಒಟ್ಟು ೧೩.೪೨ ಶತಕೋಟಿ ಘನ ಅಡಿ ನೀರನ್ನು ಕೊಟ್ಟಿತು. ಅದರಲ್ಲಿ ಬೆನ್ನನ್ನು ದಾಟಿ ಮಲಪ್ರಭೆಗೆ ಬರಬಹುದಾದುದು ೩.೯. ಗೋವೆಯೂ ಕರ್ನಾಟಕವೂ ಈ ತೀರ್ಪಿನ ಮೇಲೆ ಸರ್ವೋಚ್ಚ ನ್ಯಾಯಾಲಯದ ಮೆಟ್ಟಿ‍ಲೇರಿದುವು. ತೀರ್ಪಿನ ಪುಟಗಳಲ್ಲಿ ಕಳಸಾ ಬಂಡೂರಿಗಳೆರಡಕ್ಕೂ ಬೇರೆ ಬೇರೆ ಅಂಕಿಗಳಿವೆ: ಕಳಸೆಗೆ ೧.೭೨, ಬಂಡೂರಿಗೆ ೨.೧೮. ನವಲಗುಂದದ ಸಂತೆಯಲ್ಲಿ ಈ ಅಂಕಿಗಳನ್ನು ದಶಾಂಶ ಸಹಿತವಾಗಿ ಬಲ್ಲ ರೈತರು ಬೇಕಾದಷ್ಟು ಜನರಿರುವರು.